ಒಂದನೇ ಗೇರ್ ಅಂದುಕೊಂಡು ರಿವರ್ಸ್ ಹಾಕಿದ ಮೇಲೆ

ಮೈಸೂರಿನ ಮೆಟ್ರೋಪೋಲ್ ಸಿಗ್ನಲ್. ಹಸಿರು ದೀಪ ಬಂತು. ಕ್ಲಚ್ ಒತ್ತಿ ಗೇರ್ ರಾಡನ್ನು ಎಡಕ್ಕೆಳೆದು ಮೇಲಕ್ಕೆ ತಳ್ಳಿದೆ. ಗರ್ರ್ ಅಂತ ಕೂಗಿ ಕೂತಿತು. ಕ್ಲಚ್ ಬಿಟ್ಟೆ. ಜೀಪು ಹಿಂದಕ್ಕೆ ಹೊರಟಿತು! ಹಿಂದಿದ್ದ ಆಟೋಗೂ ನನಗೂ ಒಂದು ಗೇಣು ಉಳಿದಿತ್ತು, ಅಷ್ಟೇ. "ಸ್ವಾಮಿ, ಎತ್ಲಾಗ್ ಹೊಂಟ್ರಿ?" ಅಂತ ಆಟೋದವರು ಕೇಳಿದರು. ಏನು ಹೇಳಲಿ?

ಆ ಜೀಪಿಗೆ ಇರುವುದು ಮೂರೇ ಗೇರು. ಎಡಗಡೆ ಮೇಲೆ ರಿವರ್ಸ್, ಅದರ ಕೆಳಗೆ ಒಂದು. ಬಲಗಡೆ ಮೇಲೆ ಎರಡು, ಕೆಳಗೆ ಮೂರು. 1941ರಲ್ಲಿ ಸೇನೆಗೆ ಅಂತ ತಯಾರಾದ ಜೀಪುಗಳಲ್ಲೂ ಇದೇ ಲೆಕ್ಕ. ವಾರವೆಲ್ಲ ಐದು ಗೇರಿನ ಕಾರು ಓಡಿಸುವ ನನ್ನ ಕೈಗೆ ಅದು ಗೊತ್ತಿರಲಿಲ್ಲ.

ಜೀಪು ನನ್ನ ಸೋದರಮಾವನದು. ಊರು ಪಾಂಡವಪುರದ ಕಡೆ. ಗಾಡಿ 1978ರದ್ದು. ಗೊಬ್ಬರದ ಮೂಟೆ, ಕಬ್ಬಿನ ಬಿತ್ತನೆ, ಮದುವೆ ದಿಬ್ಬಣ, ಎಲ್ಲವನ್ನೂ ಹೊತ್ತಿದೆ. ಮಾವನಿಗೆ ಮಂಡಿ ನೋವು ಶುರುವಾದ ಮೇಲೆ, "ಮಾರಕ್ಕೆ ಮನ್ಸಿಲ್ಲ, ಓಡ್ಸಕ್ಕೆ ಮಂಡಿ ಇಲ್ಲ, ನೀನೇ ಇಟ್ಕೊ" ಅಂತ ಕೀ ಕೊಟ್ಟರು. ಗೇರ್ ಕೂಗುತ್ತೆ ಅಂತ ನಾನು ದೂರಿದಾಗಲೆಲ್ಲ ಅವರದು ಒಂದೇ ಉತ್ತರ: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಆರು ತಿಂಗಳು ಒದ್ದಾಡಿದ ಮೇಲೆ ಒಂದು ವಿಷಯ ತಿಳಿಯಿತು. ನನಗೆ ಕುಣಿಯಲು ಬರುತ್ತಿರಲಿಲ್ಲ, ನಿಜ. ಆದರೆ ನೆಲವೂ ಸ್ವಲ್ಪ ಡೊಂಕಾಗಿತ್ತು. ಹಳೇ ಜೀಪಿನಲ್ಲಿ ಗಾಡಿಯ ಗುಣ ಯಾವುದು, ಗಾಡಿಯ ರೋಗ ಯಾವುದು ಅಂತ ಬೇರೆ ಮಾಡುವುದೇ ಕಷ್ಟದ ಕೆಲಸ. ಗುಣಕ್ಕೆ ನಾವು ಹೊಂದಿಕೊಳ್ಳಬೇಕು. ರೋಗಕ್ಕೆ ಹೊಂದಿಕೊಂಡರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ನಾನು ಎರಡನ್ನೂ ಉಲ್ಟಾ ಮಾಡುತ್ತಿದ್ದೆ.

ಮೊದಲು ಗುಣ. ಈಗಿನ ಕಾರುಗಳಲ್ಲಿ ಗೇರ್ ಹಾಕುವಾಗ ಹಿತ್ತಾಳೆಯ ಒಂದು ರಿಂಗ್ ಉಜ್ಜಿ, ತಿರುಗುವ ಎರಡು ಭಾಗಗಳ ವೇಗವನ್ನು ಸಮ ಮಾಡುತ್ತದೆ. ಅದಕ್ಕೇ ಸಿಂಕ್ರೊಮೆಶ್ ಅನ್ನುವುದು. ನಮ್ಮ ಜೀಪಿನಲ್ಲಿ ಅದು ಎರಡು ಮತ್ತು ಮೂರನೇ ಗೇರಿಗೆ ಮಾತ್ರ ಇದೆ. ಒಂದಕ್ಕೂ ರಿವರ್ಸ್‌ಗೂ ಇಲ್ಲ. ನ್ಯೂಟ್ರಲ್‌ನಲ್ಲಿ ನಿಂತಾಗ ಒಳಗಿನ ಹಲ್ಲುಗಳು ತಿರುಗುತ್ತಲೇ ಇರುತ್ತವೆ. ಕ್ಲಚ್ ಒತ್ತಿದ ತಕ್ಷಣ ಅವು ನಿಲ್ಲುವುದಿಲ್ಲ. ಆಗಲೇ ರಾಡ್ ತಳ್ಳಿದರೆ ಗರ್ರ್.

ಹಾಗಾಗಿ ಕ್ಲಚ್ ಒತ್ತಿ ಮೂರು ಎಣಿಸುತ್ತೇನೆ, ಆಮೇಲೆ ಒಂದನೇ ಗೇರ್. ಆತುರ ಇದ್ದರೆ ಇನ್ನೊಂದು ದಾರಿ ಇದೆ. ಕ್ಲಚ್ ಒತ್ತಿಕೊಂಡೇ ರಾಡನ್ನು ಎರಡಕ್ಕೆ ಸುಮ್ನೆ ಮುಟ್ಟಿಸಿ, ಅಲ್ಲಿಂದ ಒಂದಕ್ಕೆ ಎಳೆಯುವುದು. ಎರಡರ ರಿಂಗ್ ಆ ಹಲ್ಲುಗಳನ್ನು ನಿಲ್ಲಿಸಿ ಕೊಡುತ್ತದೆ. ಕೆಲವೊಮ್ಮೆ ಗೇರ್ ಕೂಗುವುದೂ ಇಲ್ಲ, ಒಳಗೆ ಹೋಗುವುದೂ ಇಲ್ಲ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ. ಬಲ ಹಾಕಬೇಡಿ. ನ್ಯೂಟ್ರಲ್‌ಗೆ ತಂದು, ಕ್ಲಚ್ ಒಮ್ಮೆ ಬಿಟ್ಟು, ಮತ್ತೆ ಒತ್ತಿದರೆ ಬೆಣ್ಣೆಯ ಹಾಗೆ ಹೋಗುತ್ತದೆ.

ನಿಜವಾದ ಪಾಠ ಡಬಲ್ ಕ್ಲಚ್. ಗಾಡಿ ಉರುಳುತ್ತಿರುವಾಗಲೇ ಎರಡರಿಂದ ಒಂದಕ್ಕೆ ಇಳಿಯಬೇಕು ಅಂದರೆ ಬೇರೆ ದಾರಿ ಇಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಬರಬೇಕು. ಕ್ಲಚ್ ಬಿಡಬೇಕು. ಒಂದು ರೇಸ್ ಕೊಡಬೇಕು. ಮತ್ತೆ ಕ್ಲಚ್ ಒತ್ತಿ ಒಂದಕ್ಕೆ ಹಾಕಬೇಕು. ರೇಸ್ ಎಷ್ಟು? ನಮ್ಮ ಬಾಕ್ಸಿನಲ್ಲಿ ಒಂದನೇ ಗೇರಿನ ಅನುಪಾತ ಸುಮಾರು 2.8 (ಬಾಕ್ಸಿನಿಂದ ಹೊರಡುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ 2.8 ಸುತ್ತು ತಿರುಗಬೇಕು), ಎರಡನೆಯದು 1.55. ಅಂದರೆ ಅದೇ ವೇಗದಲ್ಲಿ ಎಂಜಿನ್ ಎರಡನೇ ಗೇರಿನಲ್ಲಿದ್ದದ್ದರ ಸುಮಾರು 1.8 ಪಟ್ಟು ತಿರುಗಬೇಕು. ಆರ್‌ಪಿಎಂ ಮೀಟರ್ ಇಲ್ಲದ ಗಾಡಿಯಲ್ಲಿ ಈ ಲೆಕ್ಕ ತಲೆಗೆ ಬಂದು ಏನು ಪ್ರಯೋಜನ, ಕಿವಿಗೆ ಬರಬೇಕು. ಒಂದನೇ ಗೇರಿನಲ್ಲಿ ಆ ವೇಗಕ್ಕೆ ಎಂಜಿನ್ ಹೇಗೆ ಕೂಗುತ್ತೆ ಅನ್ನುವುದನ್ನು ನೆನಪಿಟ್ಟುಕೊಂಡೆ. ರೇಸ್ ಕೊಟ್ಟಾಗ ಅದೇ ಸದ್ದು ಬಂದರೆ ಗೇರ್ ತಾನಾಗಿ ಕೂರುತ್ತದೆ. ಮೇಲಿನ ಗೇರಿಗೆ ಹೋಗುವಾಗ ಇದರ ಉಲ್ಟಾ. ಒಂದಕ್ಕೂ ಎರಡಕ್ಕೂ ಅಂತರ ದೊಡ್ಡದು, ಎಂಜಿನ್ ಇಳಿಯಲು ಸಮಯ ಬೇಕು. ನ್ಯೂಟ್ರಲ್‌ನಲ್ಲಿ ಒಂದು ಉಸಿರು ಬಿಟ್ಟು ಮುಂದೆ ಹೋಗುತ್ತೇನೆ.

ಅಭ್ಯಾಸಕ್ಕೆ ಮೊದಲು ನಾಲೆ ಏರಿಯ ದಾರಿ ಚೆನ್ನಾಗಿದೆ ಅಂದುಕೊಂಡಿದ್ದೆ. ನೇರ ದಾರಿ, ಜನ ಕಡಿಮೆ. ಮಾವ ಬಿಲ್‌ಕುಲ್ ಒಪ್ಪಲಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ಸು ಬಿದ್ದು 30 ಜನ ಹೋದದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಕೊನೆಗೆ ಕಟಾವಾದ ಗದ್ದೆಯೊಂದರಲ್ಲಿ ನಾಲ್ಕು ಭಾನುವಾರ ಸುತ್ತಿದೆ. ದನ ಮೇಯಿಸುವ ಹುಡುಗರಿಗೆ ಒಳ್ಳೇ ಮನರಂಜನೆ.

ಇಷ್ಟೆಲ್ಲ ಕಲಿತರೂ ಕೆಲವು ದಿನ ಗೇರ್ ಕೂಗುತ್ತಿತ್ತು. ಅದರಲ್ಲೂ ಒಂದು ಚಕ್ರ ಹಳ್ಳಕ್ಕಿಳಿದು ಗಾಡಿ ಸೊಟ್ಟಗೆ ನಿಂತಾಗ ರಿವರ್ಸ್ ಹಾಕಲು ಆಗುತ್ತಲೇ ಇರಲಿಲ್ಲ. ನನ್ನದೇ ತಪ್ಪು ಅಂತ ನಂಬಿ ಇನ್ನೂ ನಿಧಾನ ಮಾಡಿದೆ. ಮಂಡ್ಯದಲ್ಲಿ ಹಳೇ ಜೀಪುಗಳನ್ನೇ ನೋಡುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಬಾನೆಟ್ ಕೂಡ ತೆಗೆಯಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿಸಿ, "ಕ್ಲಚ್ ಒತ್ತಿ ಹತ್ತು ಎಣ್ಸಿ ಸಾ, ಆಮೇಲೆ ರಿವರ್ಸ್ ಹಾಕಿ" ಅಂದರು. ಹತ್ತು ಎಣಿಸಿದೆ. ಗರ್ರ್. "ಇದು ನಿಮ್ ಕೈ ಅಲ್ಲ ಸಾ, ಕ್ಲಚ್ ಪೂರ್ತಿ ಬುಡ್ತಿಲ್ಲ" ಅಂದರು. ಅಂದರೆ ಪೆಡಲ್ ಪೂರ್ತಿ ಒತ್ತಿದರೂ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರುವ ನಂಟು ಪೂರ್ತಿ ಕಡಿಯುತ್ತಿರಲಿಲ್ಲ.

ನೋಡಿ, ಇಷ್ಟು ಸುಲಭದ ಪರೀಕ್ಷೆ! ಮೂರು ಎಣಿಸಿದಾಗ ಶಾಂತವಾದರೆ ಅದು ಗುಣ. ಹತ್ತು ಎಣಿಸಿದರೂ ಕೂಗಿದರೆ ರೋಗ.

ಪೆಡಲ್‌ನ ಮೇಲ್ಭಾಗದಲ್ಲಿ ಸುಮಾರು ಒಂದು ಇಂಚು ಸಡಿಲ ಇರಬೇಕು. ನಮ್ಮದರಲ್ಲಿ ಮೂರು ಇಂಚಿನ ಹತ್ತಿರ ಇತ್ತು. ಪೆಡಲ್‌ನಿಂದ ಕ್ಲಚ್‌ಗೆ ಒತ್ತು ಮುಟ್ಟಿಸುವ ಲಿಂಕೇಜಿನ ಬುಶ್‌ಗಳು ಸವೆದಿದ್ದವು, ಎಂಜಿನ್ನಿನ ಒಂದು ರಬ್ಬರ್ ಮೌಂಟಿಂಗ್ ಕೂಡ ಕುಸಿದಿತ್ತು. ಆ ಲಿಂಕೇಜಿನ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಎಂಜಿನ್ನಿನ ಕಡೆಗೆ. ಗಾಡಿ ಸೊಟ್ಟಗೆ ನಿಂತರೆ ಎರಡೂ ಅಲುಗಾಡಿ, ಉಳಿದಿದ್ದ ಒತ್ತೂ ಹೋಗುತ್ತಿತ್ತು. ಬುಶ್, ಮೌಂಟಿಂಗ್ ಬದಲಿಸಿ ರಾಡ್ ಅಡ್ಜಸ್ಟ್ ಮಾಡಿದರು. ಸಡಿಲವೇ ಇಲ್ಲದ ಹಾಗೆ ಬಿಗಿ ಮಾಡಿಸಬಾರದು ಅಂತಲೂ ಹೇಳಿದರು. ಆಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಉಜ್ಜುತ್ತದೆ, ಕ್ಲಚ್ ಸ್ಲಿಪ್ ಆಗುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ನನ್ನ ಚಟಕ್ಕೂ ಅವತ್ತೇ ಬೈಗುಳ ಬಿತ್ತು.

ಆಯಿಲ್‌ನದು ಇನ್ನೊಂದು ಕಥೆ. ಹಿಂದೆ ಯಾರೋ ಗೇರ್‌ಬಾಕ್ಸಿಗೆ ಜಿಎಲ್-5 ಅನ್ನುವ ದರ್ಜೆಯ ಗೇರ್ ಆಯಿಲ್ ತುಂಬಿದ್ದರು. ಅದರಲ್ಲಿ ಗಂಧಕದ ಅಂಶ ಜಾಸ್ತಿ, ಹಿತ್ತಾಳೆ ರಿಂಗಿಗೆ ಒಳ್ಳೆಯದಲ್ಲ. ಜಾರಿಕೆಯೂ ಜಾಸ್ತಿ, ಹಾಗಾಗಿ ರಿಂಗ್ ಉಜ್ಜಿ ವೇಗ ಸಮ ಮಾಡುವುದು ತಡವಾಗುತ್ತದೆ. ಜಿಎಲ್-4 ಹಾಕಿಸಿದ ಮೇಲೆ ಎರಡನೇ ಗೇರ್ ಬೇರೆ ಗಾಡಿಯದೇನೋ ಅನ್ನಿಸಿತು.

ಗೇರ್ ರಾಡಿನ ಪಕ್ಕ ಇನ್ನೆರಡು ಚಿಕ್ಕ ಲಿವರ್‌ಗಳಿವೆ. ಒಂದು ಮುಂದಿನ ಚಕ್ರಗಳನ್ನು ಸೇರಿಸುತ್ತದೆ, ಇನ್ನೊಂದು ಹೈ-ಲೋ: ಹೈ ಮಾಮೂಲಿ ಓಟಕ್ಕೆ, ಲೋ ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವುದಕ್ಕೆ. ಮೊದಲು ಮುಂದಿನ ಚಕ್ರ, ಆಮೇಲೆ ಲೋ. ಆ ಕ್ರಮ ತಪ್ಪಿದರೆ ಲೋ ಬೀಳುವುದೇ ಇಲ್ಲ. ಒಂದು ಮಳೆಗಾಲ ಕೆಸರು ಗದ್ದೆಯಿಂದ ಫೋರ್ ವೀಲ್‌ನಲ್ಲೇ ಟಾರು ರಸ್ತೆಗೆ ಹತ್ತಿ ಎರಡು ತಿರುವು ಹೋದೆ. ಸ್ಟೇರಿಂಗ್ ಕಲ್ಲಾಯಿತು. ಲಿವರ್ ಎಳೆದರೆ ಬರುತ್ತಿಲ್ಲ. ಮಾವನಿಗೆ ಫೋನ್ ಮಾಡಿದೆ. "ಎಳೀಬ್ಯಾಡ ಕಣೋ. ನೆಟ್ಟಗೆ ನಾಕು ಮಾರು ರಿವರ್ಸ್ ಹೋಗು" ಅಂದರು. ಹೋದೆ. ಎರಡು ಬೆರಳಲ್ಲಿ ಬಂತು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗುತ್ತವೆ. ಕೆಸರಿನಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ, ಟಾರಿನಲ್ಲಿ ಹೋಗಲು ಜಾಗವಿಲ್ಲ. ಹಗ್ಗ ಹುರಿಗೊಂಡ ಹಾಗೆ ಶಾಫ್ಟ್‌ಗಳಲ್ಲಿ ಬಿಗಿ ಕೂರುತ್ತದೆ. ಹಿಂದಕ್ಕೆ ಹೋದರೆ ಹುರಿ ಬಿಚ್ಚುತ್ತದೆ.

ಲೋ ಹಾಕುವುದಕ್ಕೆ ಸೋಮಾರಿತನ ಮಾಡಿ ಹಾಫ್ ಕ್ಲಚ್‌ನಲ್ಲಿ ದಿಬ್ಬ ಹತ್ತಿಸಿ ಒಮ್ಮೆ ಪ್ಲೇಟ್ ಸುಟ್ಟ ವಾಸನೆ ಕುಡಿದಿದ್ದೇನೆ. ಈಗ ದಿಬ್ಬದ ಬುಡದಲ್ಲೇ ನಿಲ್ಲಿಸಿ ಲೋ ಹಾಕುತ್ತೇನೆ. ಅದು 2.46 ಪಟ್ಟು ನಿಧಾನ. ಒಂದನೇ ಗೇರ್ ಹಾಕಿ, ಕಾಲನ್ನು ಕ್ಲಚ್‌ನಿಂದ ಪೂರ್ತಿ ತೆಗೆದು, ಸುಮ್ನೆ ಕೂರುತ್ತೇನೆ. ಮಧ್ಯೆ ಎಂಜಿನ್ ನಿಂತರೆ ಗಾಬರಿಗೆ ಕ್ಲಚ್ ಒತ್ತಬಾರದು, ಗಾಡಿ ಹಿಂದಕ್ಕೆ ಓಡುತ್ತದೆ. ಮೊದಲು ಬ್ರೇಕ್ ಗಟ್ಟಿಯಾಗಿ ಹಿಡಿದು, ಆಮೇಲೆ ಕ್ಲಚ್ ಒತ್ತಿ ಲೋ ರಿವರ್ಸ್ ಹಾಕಿ, ಕ್ಲಚ್ ಬಿಟ್ಟು, ಬ್ರೇಕನ್ನು ಮೆಲ್ಲಗೆ ಸಡಿಲಿಸುತ್ತಾ ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟರೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಮೊದಲು ಸಣ್ಣ ಇಳಿಜಾರಿನಲ್ಲಿ ಮಾಡಿ ನೋಡಿ. ಕ್ಲಚ್ ಒತ್ತಿದರಷ್ಟೇ ಸ್ಟಾರ್ಟ್ ಆಗುವ ಹೊಸ ಗಾಡಿಗಳಲ್ಲಿ ಇದು ನಡೆಯುವುದಿಲ್ಲ.

ಒಂದು ರೋಗ ಇನ್ನೂ ಉಳಿದಿದೆ. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟರೆ ಎರಡನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ. ಸ್ಪ್ರಿಂಗ್ ಸೋತಿರಬಹುದು, ಇಲ್ಲ ಹಲ್ಲು ಸವೆದಿರಬಹುದು, ಬಾಕ್ಸ್ ಇಳಿಸದೆ ಹೇಳಲು ಆಗಲ್ಲ ಅಂತ ಮೆಕ್ಯಾನಿಕ್ ಅಂದರು. ಕಬ್ಬಿನ ದುಡ್ಡು ಬರಲಿ ಅಂತ ಮಾವ ಅಂದರು. ಮಣ್ಣು ದಾರಿಯಾದರೆ ಲೋ ಹಾಕಿ ಮೂರನೇ ಗೇರಿನಲ್ಲಿ ಇಳಿಯುತ್ತೇನೆ, ಹೆಚ್ಚು ಕಡಿಮೆ ಒಂದನೇ ಗೇರಿನ ಹಿಡಿತವೇ ಸಿಗುತ್ತದೆ. ಟಾರಿನಲ್ಲಿ ಲೋ ಹಾಕುವ ಹಾಗಿಲ್ಲ. ಮೇಲುಕೋಟೆಯಿಂದ ಜಕ್ಕನಹಳ್ಳಿ ಕಡೆಗೆ ಇಳಿಯುವಾಗ ಒಂದನೇ ಗೇರಿನಲ್ಲೇ, ಎಡ ಅಂಚು ಹಿಡಿದು, ಹಿಂದಿನವರಿಗೆ ಮುಂದೆ ಹೋಗಿ ಅಂತ ಕೈ ತೋರಿಸುತ್ತಾ ಬರುತ್ತೇನೆ.