ಚರ್ಚ್ ಮುಂದೆ ಜನ ಕೂಡೋ ಜಾಗ ಕಟ್ಟೋದಿದ್ರೆ ಹಾಲ್ ಬ್ಯಾಡ, ಮೊದಲು ನೆರಳು ಕಟ್ರಿ

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಯಾವ ಧರ್ಮಕೇಂದ್ರದ (ಪ್ಯಾರಿಷ್ ಚರ್ಚಿನ) ಮೀಟಿಂಗ್‌ನಾಗ ಕುಂತ್ರೂ, ಕೈಯಾಗ ಸ್ವಲ್ಪ ದುಡ್ಡು ಕೂಡ್ತು ಅಂದ್ರೆ ಸಾಕು, ಯಾರಾದ್ರೂ ಎದ್ದು "ಫಾದರ್ ಒಂದು ಹಾಲ್ ಕಟ್ಟಿಬಿಡೋಣ" ಅಂತಾರೆ. ಹಾಲ್ ಕಟ್ತಾರೆ, ಶಟರ್ ಹಾಕ್ತಾರೆ, ಬೀಗ ಹಾಕ್ತಾರೆ, ವರ್ಷಕ್ಕೆ ನಾಕು ಮದುವೆಗೆ ತೆಗೀತಾರೆ. ಆದ್ರೆ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದ ಜನ ಮಾತ್ರ ಹಂಗೇ ಬಿಸಿಲಾಗ ಎರಡು ನಿಮಿಷ ನಿಂತು ಬೈಕ್ ಹತ್ತಿ ಹೋಗಿಬಿಡ್ತಾರೆ. ತೋರಣಗಲ್ಲಿನ ಫ್ಯಾಕ್ಟರಿ ಕೆಲಸಕ್ಕೆ ಅಂತ ಬ್ಯಾರೆ ರಾಜ್ಯದಿಂದ ಬಂದ ಹುಡುಗ ತಿಂಗಳುಗಟ್ಟಲೆ ಪೂಜೆಗೆ ಬಂದ್ರೂ ಅವನ ಹೆಸರು ಕೇಳಿದೋರು ಇರೋದಿಲ್ಲ. ನಾನು ಬರೀತಿರೋದು ಈ ಜಾಗದ ಬಗ್ಗೆ, ಅಂದ್ರೆ ಗೇಟಿಗೂ ಚರ್ಚ್ ಬಾಗಿಲಿಗೂ ನಡುವೆ ಜನ ನಿಂತು ಕುಂತು ಮಾತಾಡೋ ಜಾಗ.

ಎಂಜಿನಿಯರ್ ಕರಿಯೋಕೆ ಮುಂಚೆ ಒಂದು ಕೆಲಸ ಮಾಡ್ರಿ, ಬಾಗಿಲ ಹತ್ರ ಏನೇನು ನಡೀತೈತೆ ಅಂತ ಕುಂತು ಬರ್ಕೊಳ್ರಿ. ನಮ್ಮ ಆರಾಧನಾ ವಿಧಿಯೊಳಗೇ ಬಾಗಿಲಿಗೆ ಬಾಳ ಕೆಲಸ ಐತೆ, ಮರೀತೀವಿ ಅಷ್ಟೇ. ಕೂಸಿನ ಜ್ಞಾನಸ್ನಾನ (ಬ್ಯಾಪ್ಟಿಸಂ) ಶುರುವಾಗೋದು ಬಾಗಿಲಲ್ಲಿ, ಸತ್ತೋರ ಪೆಟ್ಟಿಗೆ ಬಂದಾಗ ಫಾದರ್ ತೀರ್ಥ ಹಾಕಿ ಬರಮಾಡಿಕೊಳ್ಳೋದು ಅಲ್ಲೇ, ಮದುಮಕ್ಕಳನ್ನ ಎದುರುಗೊಳ್ಳೋದೂ ಅಲ್ಲೇ. ಗರಿಗಳ ಭಾನುವಾರ ಮೆರವಣಿಗೆ ಹೊರಗಿಂದ ಬರ್ತೈತೆ, ಪಾಸ್ಖ ಜಾಗರಣೆ, ಅಂದ್ರೆ ಈಸ್ಟರ್ ಹಿಂದಿನ ರಾತ್ರಿ, ಬೆಂಕಿ ಹಚ್ಚೋದೂ ಹೊರಗೇ. ಇದನ್ನೆಲ್ಲ ನೋಡಿದ್ರೆ ಅಳತೆ ತಾನಾಗೇ ಹೊರಬೀಳ್ತೈತೆ. ಪೆಟ್ಟಿಗೆ ಹೊತ್ತೋರು ಎರಡೂ ಕಡೆ ನಿಂತು ನಡೀಬೇಕಂದ್ರೆ ಕನಿಷ್ಠ ಆರಡಿ ಸಲೀಸು ದಾರಿ ಬೇಕು, ನಡುವೆ ಕಂಬ ಬರಬಾರ್ದು, ತಿರುವು ಇರಬಾರ್ದು. ಜಾಗರಣೆ ಬೆಂಕಿಗೆ ಮ್ಯಾಲೆ ಛಾವಣಿ ಇಲ್ಲದ ಒಂದು ತುಂಡು ಅಂಗಳ ಬಿಡಬೇಕು. ಹಬ್ಬದ ತೇರು ಹೊರಡೋ ಊರಾದ್ರೆ ತೇರಿನ ಎತ್ತರ ಟೇಪ್ ಹಿಡಿದು ಅಳೀರಿ, ಲೈಟು ಹೂವಿನ ಅಲಂಕಾರ ಸೇರಿಸಿ. ಆರೋಗ್ಯಮಾತೆ, ಅಂದ್ರೆ ಮಾತೆ ಮರಿಯಳ ಹಬ್ಬ ಸೆಪ್ಟೆಂಬರ್ 8ಕ್ಕೆ, ಮಳೆಗಾಲದಾಗ ಬರ್ತೈತೆ, ಹೊಸ ಸೂರಿನ ಕೆಳಗೆ ತೇರು ಹಾಯದೇ ಹೋದ್ರೆ ಊರೆಲ್ಲ ನಗ್ತಾರೆ.

ಎಷ್ಟು ದೊಡ್ಡದು ಬೇಕು ಅನ್ನೋದಕ್ಕೆ ನಾನು ಹಾಕೋ ಲೆಕ್ಕ ಸರಳ. ನಿಂತು ಮಾತಾಡೋರಿಗೆ ತಲೆಗೆ 8 ಚದರ ಅಡಿ, ಕುರ್ಚಿ ಹಾಕಿ ತಟ್ಟೆ ಹಿಡಿದು ಉಣ್ಣೋರಿಗೆ 12. ಭಾನುವಾರ 300 ಜನ ಬರ್ತಾರಂದ್ರೆ ಎಲ್ಲರೂ ನಿಲ್ಲೋದಿಲ್ಲ, ಅರ್ಧ ನಿಂತ್ರು ಅಂತ ಹಿಡೀರಿ, 1200 ಚದರ ಅಡಿ ಆಯ್ತು. ಅದರ ಮ್ಯಾಲೆ ಚಪ್ಪಲಿ ಬಿಡೋ ಜಾಗ, ನೀರಿನ ಕಟ್ಟೆ, ಒಂದು ಸಣ್ಣ ರೂಮು ಸೇರಿ 1500 ಅಂತ ಇಟ್ಕೊಳ್ರಿ. ಕ್ರಿಸ್ಮಸ್ ರಾತ್ರಿ ಜನಕ್ಕೆ ಅಂತ 4000 ಅಡಿ ಕಟ್ಟೋದು ದಂಡ, ಅವತ್ತು ಶಾಮಿಯಾನ ಹಾಕ್ತೀವಿ, ಅದು ಹೆಂಗೂ ಇರೋದೇ.

ಈಗ ಬಿಸಿಲಿಗೆ ಬರೋಣ, ಏಕಂದ್ರೆ ಪ್ಲ್ಯಾನ್ ಬರೆಯೋರು ಸೋಲೋದು ಇಲ್ಲೇ. ಹಳೇ ಪದ್ಧತಿ ಪ್ರಕಾರ ಬಲಿಪೀಠ ಪೂರ್ವಕ್ಕೆ ಇರೋ ಚರ್ಚ್ ಆದ್ರೆ ಮುಖ್ಯ ಬಾಗಿಲು ಪಡುವಣಕ್ಕೆ ಬರ್ತೈತೆ, ಅಂದ್ರೆ ನೀವು ಜನ ಕೂಡೋಕೆ ಅಂತ ಆರಿಸಿದ ಜಾಗಕ್ಕೇ ಸಂಜೆ ಬಿಸಿಲು ನೇರ ಹೊಡೀತೈತೆ. ಮೇ ಮೊದಲ ವಾರದ ಆಸುಪಾಸು ನಮ್ಮ ಕಡೆ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿ ಮ್ಯಾಲೆ ಇರ್ತಾನೆ, ಆ ಬಿಸಿಲಿಗೆ ಛಾವಣಿ ಸಾಕು. ಆದ್ರೆ ನಾಲ್ಕು ಗಂಟೆ ಮ್ಯಾಲೆ ಬಿಸಿಲು ಕೆಳಗಿಂದ ಓರೆಯಾಗಿ ನುಗ್ತೈತೆ, ಛಜ್ಜಾ ಎಷ್ಟು ಉದ್ದ ಬಿಟ್ರೂ ಅದು ತಡಿಯೋದಿಲ್ಲ. ಅದಕ್ಕೆ ಪಡುವಣ ಬದಿ ಇಟ್ಟಿಗೆ ಜಾಲಿ ಗೋಡೆ ಕಟ್ರಿ, ಗಾಳಿ ಬರ್ತೈತೆ ಬಿಸಿಲು ಒಡೀತೈತೆ, ಅದರಾಚೆ ಬೇವು ಇಲ್ಲಾ ಹೊಂಗೆ ಹಚ್ರಿ. ಗಿಡ ಮಾತ್ರ ಅಡಿಪಾಯ ಹಾಕೋಕೂ ಮುಂಚೆ ಹಚ್ಚಬೇಕು, ಕಟ್ಟಡಕ್ಕೆ ಒಂದು ವರ್ಷ ಸಾಕು, ಬೇವಿಗೆ ಸಾಲದು. ಇರೋ ಮರ ಕಡಿದು ಶೀಟ್ ಹಾಕೋ ಪ್ಲ್ಯಾನ್ ಯಾರಾದ್ರೂ ತಂದ್ರೆ ಚಾ ಕುಡಿಸಿ ವಾಪಸ್ ಕಳಸ್ರಿ.

ತಗಡಿನ ಶೀಟ್ ಅಗ್ಗ, ನಿಜ, ಆದ್ರೆ ಏಪ್ರಿಲ್ ತಿಂಗಳಾಗ ಹೊರಗೆ 40 ಡಿಗ್ರಿ ದಾಟಿದಾಗ ಅದರ ಕೆಳಗೆ ನಿಂತು ನೋಡ್ರಿ, ಮಳೆ ಬಂದಾಗ ಅದರ ಕೆಳಗೆ ಜಪಸರ ಹೇಳಿ ನೋಡ್ರಿ. ಶೀಟೇ ಗತಿ ಅಂದ್ರೆ 12 ಅಡಿಗಿಂತ ಕಡಿಮೆ ಎತ್ತರಕ್ಕೆ ಇಳಿಸಬ್ಯಾಡ್ರಿ, ಕೆಳಗೊಂದು ಸೀಲಿಂಗ್ ಹಾಕಿ ನಡುವೆ ಗಾಳಿ ಆಡೋಕೆ ಬಿಡ್ರಿ. ಸ್ಲ್ಯಾಬ್ ಆದ್ರೆ ಮ್ಯಾಲೆ ಬಿಳಿ ಟೈಲ್ಸ್ ಚೂರು ಇಲ್ಲಾ ಬಿಳಿ ಕೂಲ್ ರೂಫ್ ಪೇಂಟ್. ಇಟ್ಟಿಗೆಗೆ ಚಿಂತೆ ಇಲ್ಲ, ಶಕ್ತಿನಗರ, ಕುಡತಿನಿ ಥರ್ಮಲ್ ಸ್ಥಾವರಗಳ ಬೂದಿ ಇರೋದ್ರಿಂದ ಫ್ಲೈ ಆಶ್ ಇಟ್ಟಿಗೆ ನಮ್ಮ ಕಡೆನೇ ಸಿಗ್ತಾವು. ನೆಲಕ್ಕೆ ಪಾಲಿಶ್ ಗ್ರಾನೈಟ್ ಹಾಕಿಸೋ ಚಟ ಬಿಡ್ರಿ, ನಮ್ಮ ಜನ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ನಡಿಯೋರು, ಕಪ್ಪು ಕಲ್ಲು ಬಿಸಿಲಿಗೆ ಕಾದ್ರೆ ಕಾಲು ಸುಡ್ತೈತೆ, ಮಳೆ ಹನಿ ಬಿದ್ರೆ ಜಾರ್ತೈತೆ. ನೆರಳಿನಾಗ ಶಾಬಾದ್ ಕಲ್ಲು, ಹೊರಗೆ ಒರಟು ಮಾಡಿದ ತಿಳಿ ಬಣ್ಣದ ಕಲ್ಲು ಸಾಕು. ಸಂಡೂರು ಕಡೆ ಅದಿರಿನ ಕೆಂಪು ಧೂಳು ಇರೋ ಊರಾಗ ಬಿಳಿ ಬ್ಯಾಡ, ವಾರದಾಗ ಕೆಂಪಾಗ್ತೈತೆ.

ಅಡಿಪಾಯದ ವಿಷಯ ಸ್ವಲ್ಪ ಗಮನ ಕೊಟ್ಟು ಓದ್ರಿ. ಸಿಂಧನೂರು, ಸಿರುಗುಪ್ಪ, ರಾಯಚೂರು ಕಡೆ ಎರೆ ಮಣ್ಣು, ಮಳೆಗೆ ಉಬ್ತೈತೆ ಬ್ಯಾಸಗಿಗೆ ಬಿರೀತೈತೆ. ಹಳೇ ಚರ್ಚ್ ಅಲ್ಲಿ ಎಷ್ಟೋ ವರ್ಷದಿಂದ ಕುಂತು ನೆಲಕ್ಕೆ ಹೊಂದಿಕೊಂಡೈತೆ, ನೀವು ಪಕ್ಕಕ್ಕೆ ಹೊಸದನ್ನ ಅಂಟಿಸಿದ್ರೆ ಅದು ಬ್ಯಾರೆ ಕುಸೀತೈತೆ, ಎರಡರ ನಡುವೆ ಬಿರುಕು ಬಂದೇ ಬರ್ತೈತೆ. ಹಂಗಾಗಿ ಹೊಸ ತೊಲೆಯನ್ನ ಹಳೇ ಗೋಡೆ ಮ್ಯಾಲೆ ಕೂಡಿಸಲೇಬ್ಯಾಡ್ರಿ, ಹೊಸದಕ್ಕೆ ಅದರದೇ ಕಂಬ ಅದರದೇ ಅಡಿಪಾಯ, ನಡುವೆ ಒಂದು ಇಂಚಿನಷ್ಟು ಜಾಯಿಂಟ್ ಬಿಟ್ಟು ಮ್ಯಾಲೆ ನೀರು ಇಳೀದಂಗೆ ತಗಡು ಮುಚ್ಚಿಸ್ರಿ. ಎರೆ ಮಣ್ಣು ದಪ್ಪ ಇದ್ರೆ ಬುಡ ಅಗಲ ಮಾಡಿದ ಪೈಲ್ (ನೆಲದೊಳಗೆ ಇಳಿಸೋ ಕಾಂಕ್ರೀಟ್ ಕಂಬ) ಹಾಕ್ತಾರೆ, ಎಂಜಿನಿಯರ್‌ಗಳು ಅಂಡರ್ ರೀಮ್ಡ್ ಅಂತಾರಲ್ಲ ಅದು, ಮೂರೂವರೆ ಮೀಟರ್ ಆಸುಪಾಸು ಇಲ್ಲಾ ಇನ್ನೂ ಆಳಕ್ಕೆ. ಗಟ್ಟಿ ಗರಸು ಮಣ್ಣು (ಮೊರಂ) ಮೇಲೇ ಸಿಕ್ರೆ ಅಷ್ಟು ಖರ್ಚು ಬ್ಯಾಡ. ಮಣ್ಣು ಪರೀಕ್ಷೆ ಮಾಡಿಸದೇ ಮೇಸ್ತ್ರಿ ಮಾತು ಕೇಳಿ ಶುರು ಮಾಡಬ್ಯಾಡ್ರಿ ಅಷ್ಟೇ. ಹಳೇ ಗೋಡೆ ಸುಣ್ಣದ ಗಾರೆದಾಗಿದ್ರೆ ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಮೆತ್ತಬ್ಯಾಡ್ರಿ, ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ಲದಂಗಾಗಿ ಉದುರೋಕೆ ಶುರು ಆಗ್ತೈತೆ.

ಛಾವಣಿ ನೀರು ಬುಡಕ್ಕೆ ಬಿಡಬ್ಯಾಡ್ರಿ, ಎರೆ ಮಣ್ಣಿಗೆ ಅದೇ ವಿಷ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಹಿಡಿದ್ರೂ 1500 ಚದರ ಅಡಿ ಛಾವಣಿ ಮ್ಯಾಲೆ ಸುಮಾರು 70 ಸಾವಿರ ಲೀಟರ್ ಬೀಳ್ತೈತೆ, ಪೋಲಾಗಿದ್ದು ಬಿಟ್ಟು 55 ಸಾವಿರ ಕೈಗೆ ಸಿಗ್ತೈತೆ, ಪೈಪ್ ಹಾಕಿ ಸಂಪ್ ಟ್ಯಾಂಕಿಗೆ ಇಲ್ಲಾ ಬೋರ್ ಪಕ್ಕದ ಇಂಗುಗುಂಡಿಗೆ ಬಿಡ್ರಿ.

ಮುದುಕರಿಗೆ ಮೆಟ್ಟಿಲ ಜೊತೆ ರ‍್ಯಾಂಪ್ ಬೇಕೇ ಬೇಕು. ಒಂದಡಿ ಎತ್ತರಕ್ಕೆ 12 ಅಡಿ ಉದ್ದ, ಎರಡೂ ಕಡೆ ಹಿಡಿಕೆ. ಎರಡೂವರೆ ಅಡಿ ಪ್ಲಿಂತ್ (ಅಂಗಳದಿಂದ ಕಟ್ಟಡದ ನೆಲದ ಎತ್ತರ) ಇದ್ರೆ 30 ಅಡಿ ರ‍್ಯಾಂಪ್ ಆಗ್ತೈತೆ, ಅದಕ್ಕೆ ಜಾಗ ಮೊದಲೇ ಬಿಡಬೇಕು, ಇಲ್ಲಾಂದ್ರೆ ಆಮೇಲೆ ಮೂಲ್ಯಾಗ ಕಡಿದಾಗಿ ಒಂದು ಇಳಿಜಾರು ಮಾಡಿ ಬೈಕ್ ಹತ್ತಿಸೋಕೆ ಬಿಟ್ಟಂಗಾಗ್ತೈತೆ. ಗೋಡೆಗುಂಟ ಕಟ್ಟೆ ಕಟ್ಸ್ರಿ, ಹದಿನೆಂಟು ಇಂಚು ಎತ್ತರ, ನಮ್ಮ ಅಮ್ಮಗಳು ಪ್ಲಾಸ್ಟಿಕ್ ಕುರ್ಚಿಗಿಂತ ಕಟ್ಟೆ ಮ್ಯಾಲೆ ಕುಂತ್ರೇ ಮಾತಾಡೋದು. ಕೂಸುಗಳ ತಾಯಂದ್ರಿಗೆ ಸಣ್ಣ ರೂಮು, ಅಲ್ಲಿಂದ ಬಲಿಪೀಠ ಕಾಣಬೇಕು, ಸ್ಪೀಕರ್ ಇರಬೇಕು. ಕುಡಿಯೋ ನೀರು, ಹೆಣ್ಮಕ್ಕಳಿಗೆ ಬ್ಯಾರೆ ಟಾಯ್ಲೆಟ್, ಚಪ್ಪಲಿ ಸ್ಟ್ಯಾಂಡ್ ಬಾಗಿಲಿಗೆ ಅಡ್ಡ ಬಾರದಂಗೆ ಬದಿಗೆ.

ಪರ್ಮಿಷನ್. ಬಳ್ಳಾರಿ ಧರ್ಮಕ್ಷೇತ್ರದಾಗ (ಡಯಾಸಿಸ್) ಇದ್ರೆ ಧರ್ಮಾಧ್ಯಕ್ಷರ (ಬಿಷಪ್) ಬರವಣಿಗೆ ಒಪ್ಪಿಗೆ ಮೊದಲು, ಡ್ರಾಯಿಂಗ್ ಫೈನಲ್ ಆದಮ್ಯಾಲೆ ಹೋಗಿ ಸಹಿ ಕೇಳಬ್ಯಾಡ್ರಿ, ಸ್ಕೆಚ್ ಇದ್ದಾಗಲೇ ತೋರಸ್ರಿ. ಧರ್ಮಕೇಂದ್ರದ ಹಣಕಾಸು ಸಮಿತಿ ಚರ್ಚ್ ಕಾನೂನಿನ 537ನೇ ವಿಧಿ ಪ್ರಕಾರ ಕಡ್ಡಾಯ, ಅದು ಹೆಸರಿಗಷ್ಟೇ ಇದ್ರೆ ಈಗಲಾದ್ರೂ ಕೂಡಸ್ರಿ. ಆಮೇಲೆ ಪಾಲಿಕೆ ಇಲ್ಲಾ ಪಂಚಾಯ್ತಿ ಲೈಸೆನ್ಸ್. ರಸ್ತೆ ಜಾಗಕ್ಕೆ ಒಂದಡಿನೂ ಚಾಚಬ್ಯಾಡ್ರಿ, ಸಾರ್ವಜನಿಕ ಜಾಗದಾಗ ಹೊಸ ಧಾರ್ಮಿಕ ಕಟ್ಟಡಕ್ಕೆ ಸುಪ್ರೀಂ ಕೋರ್ಟ್ 2009ರಾಗೇ ತಡೆ ಹಾಕೈತೆ. ಎಎಸ್‌ಐ (ಕೇಂದ್ರ ಪುರಾತತ್ವ ಇಲಾಖೆ) ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್‌ಗೆ ಬ್ಯಾರೆ ಅನುಮತಿ ಬೇಕು, ಆನೆಗೊಂದಿ ಕಡೆ ಆದ್ರೆ ಹಂಪಿ ಪ್ರಾಧಿಕಾರದ್ದೂ ಬೇಕು.

ದುಡ್ಡು ಕೂಡಿಸುವಾಗ ಒಂದೇ ಎಚ್ಚರ. ದುಬೈನಾಗ ಇರೋ ನಮ್ಮ ಊರಿನ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ತನ್ನ ಸ್ವಂತ ಸಂಬಳದಿಂದ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ, ಆದ್ರೆ ಬ್ಯಾರೆ ದೇಶದ ಪ್ರಜೆ ಆಗಿರೋ ಸಂಬಂಧಿಕರು ಕಳಿಸಿದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ಖಾತೆಗೇ ಬರಬೇಕು, ಇದನ್ನ ಧರ್ಮಕ್ಷೇತ್ರದ ಆಫೀಸಿನಾಗ ಕೇಳಿ ಆಮೇಲೆ ಅಕೌಂಟ್ ನಂಬರ್ ವಾಟ್ಸಾಪ್‌ಗೆ ಹಾಕ್ರಿ.

ಕೆಲಸ ಯಾವಾಗ ಶುರು ಮಾಡೋದು ಅಂದ್ರೆ, ಕ್ರಿಸ್ಮಸ್ ಮುಗಿದ ತಕ್ಷಣ ಜನವರಿಯಾಗ ಮಣ್ಣು ಅಗೀರಿ, ಎರೆ ನೆಲ ಒಣಗಿರ್ತೈತೆ. ಏಪ್ರಿಲ್ ಮೇದಾಗ ಕ್ಯೂರಿಂಗ್ ನೀರಿಗೆ ಒದ್ದಾಡಬೇಕಾಗ್ತೈತೆ, ಅದಕ್ಕೆ ಸ್ಲ್ಯಾಬ್ ಮಾರ್ಚ್ ಒಳಗೆ ಬಿದ್ರೆ ಚಲೋ. ನಡುವೆ ಪಾಸ್ಖ ಬರ್ತೈತೆ, ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗಾದ್ರೂ ಬೀಳಬಹುದು, ಆ ವರ್ಷದ ತಾರೀಕು ನೋಡಿ ಅದರ ಹಿಂದಿನ ಪವಿತ್ರ ವಾರಕ್ಕೆ ಸ್ಲ್ಯಾಬ್ ಹೊರೋ ಸೆಂಟ್ರಿಂಗ್ ಕಂಬ ಬಾಗಿಲ ಮುಂದೆ ನಿಲ್ಲದಂಗೆ ಕಾಂಟ್ರ್ಯಾಕ್ಟರ್ ಹತ್ರ ಬರೆಸಿಕೊಳ್ರಿ. ಅಷ್ಟೂ ದಿನ ಪಕ್ಕದ ಬಾಗಿಲಿಂದ ಓಡಾಟ, ಆ ಬಾಗಿಲು ಪೆಟ್ಟಿಗೆ ಹಾಯೋವಷ್ಟು ಅಗಲ ಐತೋ ಇಲ್ಲೋ ಅಂತಾನೂ ಇವತ್ತೇ ಅಳೀರಿ, ಸಾವು ಕಾಂಟ್ರ್ಯಾಕ್ಟರ್ ಟೈಮ್ ಟೇಬಲ್ ನೋಡಿ ಬರೋದಿಲ್ಲ.