24 ಕಡ್ಡಿಗಳ ಚಕ್ರ ಬರೆದದ್ದು ಹೀಗೆ

ನಾನು ಬೆಂಗಳೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಆಗಸ್ಟ್ ಬಂತೆಂದರೆ ಗೋಡೆ, ಬ್ಯಾನರ್, ಆಟೋ ಹಿಂಭಾಗ, ಎಲ್ಲೆಲ್ಲೂ ಬಾವುಟದ ಚಿತ್ರ. ಚಕ್ರದ ಕಡ್ಡಿ ಎಣಿಸಿ ನೋಡಿ: ಒಂದು ಕಡೆ 16, ಇನ್ನೊಂದು ಕಡೆ 20. ನನಗೆ ಇದು ತುಂಬಾ ನೋವು ಕೊಡುತ್ತದೆ. ಅದಕ್ಕೇ ಶಾಲೆಯ ಹಜಾರಕ್ಕೆ ಅಳತೆ ತಪ್ಪದ ಒಂದು ಚಿತ್ರವನ್ನು ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಸೇರಿ ಬರೆದೆ.

ಬಾವುಟದ ಉದ್ದ, ಅಗಲ 3:2. ಸರ್ಕಾರ ಗೊತ್ತುಮಾಡಿದ ಒಂಬತ್ತು ಅಳತೆಗಳಲ್ಲಿ 1800 × 1200 ಮಿ.ಮೀ. ಒಂದು. 8 × 4 ಅಡಿಯ ಪ್ಲೈವುಡ್‌ನಲ್ಲಿ ಇದು ಸರಿಯಾಗಿ ಸಿಗುತ್ತದೆ. ಪ್ರತಿ ಪಟ್ಟಿ 400 ಮಿ.ಮೀ. ಪ್ರೈಮರ್ ಆದಮೇಲೆ ಇಡೀ ಹಲಗೆಗೆ ಬಿಳಿ ಬಳಿದು, ಒಣಗಿಸಿ, ಮಾಸ್ಕಿಂಗ್ ಟೇಪ್ ಹಚ್ಚಿ ಕೇಸರಿ, ಹಸಿರು ತುಂಬಿದೆವು. ಕೇಸರಿ ಅಂದರೆ ಪೇಂಟ್ ಅಂಗಡಿಯಲ್ಲಿ ಕಿತ್ತಳೆ ತೋರಿಸುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾದ ಖಾದಿ ಬಾವುಟ ನನ್ನ ಹತ್ತಿರವಿತ್ತು. ಅದನ್ನು ಹಗಲು ಬೆಳಕಿನಲ್ಲಿ ಪಕ್ಕಕ್ಕೆ ಹಿಡಿದು ಬಣ್ಣ ಹೊಂದಿಸಿದೆವು.

ಚಕ್ರಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಈ ಅಳತೆಗೆ ಅದರ ವ್ಯಾಸ 370 ಮಿ.ಮೀ. ಮೇಲೆ 15, ಕೆಳಗೆ 15 ಮಿ.ಮೀ. ಬಿಳಿ ಉಳಿಯಬೇಕು. ಒಂದು ಮರದ ಪಟ್ಟಿಗೆ ಮೊಳೆ, 185 ಮಿ.ಮೀ. ದೂರದಲ್ಲಿ ಪೆನ್ಸಿಲ್. ಅದೇ ನಮ್ಮ ಕೈವಾರ.

"ಮಿಸ್, ಕೋನಮಾಪಕ ಇಟ್ಟು 15 ಡಿಗ್ರಿ ಗುರುತು ಹಾಕಿದ್ರೆ ಸಾಕಲ್ವಾ?" ಅಂತ ಒಬ್ಬಳು ಕೇಳಿದಳು. ಚಿಕ್ಕ ಕೋನಮಾಪಕದಲ್ಲಿ ಒಂದು ಡಿಗ್ರಿ ಜರುಗಿದರೆ ಇಷ್ಟು ದೊಡ್ಡ ವೃತ್ತದ ಅಂಚಿನಲ್ಲಿ 3 ಮಿ.ಮೀ.ಗಿಂತ ಜಾಸ್ತಿ ಜರುಗುತ್ತದೆ. ಅದರ ಬದಲು ನೆತ್ತಿಯಲ್ಲಿ ಮೊದಲ ಬಿಂದು ಇಟ್ಟು, ಅದೇ ತ್ರಿಜ್ಯದಲ್ಲಿ ಸುತ್ತಲೂ ಗುರುತು ಹಾಕುತ್ತ ಹೋದೆವು. ಆರು ಬಿಂದು ಸಿಕ್ಕವು. ಪಕ್ಕದ ಎರಡೆರಡು ಬಿಂದುಗಳಿಂದ ಕಂಸ ಎಳೆದು ಅರ್ಧ ಮಾಡಿದಾಗ 12. ಇನ್ನೊಮ್ಮೆ ಮಾಡಿದಾಗ 24. ಕಡ್ಡಿ ಹೊರಕ್ಕೆ ಹೋಗುತ್ತ ಚೂಪಾಗಬೇಕು. ಎರಡು ಕಡ್ಡಿಗಳ ನಡುವೆ, ಅಂಚಿನ ಒಳಬದಿಗೆ, ಒಂದೊಂದು ಪುಟ್ಟ ಅರ್ಧವೃತ್ತ ಇರುತ್ತದೆ. ಬಹಳ ಜನ ಇದನ್ನು ಬಿಟ್ಟೇಬಿಡುತ್ತಾರೆ. ಬಣ್ಣ ಕಡುನೀಲಿ.

ಬಣ್ಣ ಒಣಗುವಷ್ಟರಲ್ಲಿ ಮಕ್ಕಳಿಗೆ ಹಳೆಯ ಬಾವುಟದ ಕಥೆ ಹೇಳಿದೆ. 1931ರಲ್ಲಿ ಕಾಂಗ್ರೆಸ್ ಒಪ್ಪಿದ ಬಾವುಟದಲ್ಲಿ ಚರಕ ಇತ್ತು. ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನ ಪ್ರಾಣ ಕೊಟ್ಟದ್ದು ಆ ಚರಕದ ಬಾವುಟಕ್ಕೆ. ಬೆಂಗಳೂರಿನ ಮಕ್ಕಳಿಗೆ ಇದು ಗೊತ್ತಿರಲೇಬೇಕು.

ಚರಕ ಯಾಕೆ ಹೋಯಿತು? ಬಟ್ಟೆಯ ಹಿಂಬದಿಯಿಂದ ನೋಡಿದರೆ ಚರಕ ತಿರುವುಮುರುವಾಗುತ್ತದೆ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ಈ ತೊಡಕನ್ನೇ ವಿವರಿಸಿದರು. ಚರಕದ ಗಾಲಿ ಮಾತ್ರ ಉಳಿಯಿತು, ಅದಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರದ ರೂಪ ಬಂತು. ಮಕ್ಕಳು ತಕ್ಷಣ ಚಕ್ರವನ್ನು ತೆಳು ಕಾಗದದಲ್ಲಿ ತೆಗೆದು, ತಿರುಗಿಸಿ, ಮತ್ತೆ ಮೇಲಿಟ್ಟು ನೋಡಿದರು. 24 ಕಡ್ಡಿಯೂ ಕೂಡಿದವು.

ಮನೆಯಲ್ಲಿ ಮಾಡುವವರಿಗೆ 450 × 300 ಮಿ.ಮೀ. ಅನುಕೂಲ. ಅದರ ಚಕ್ರದ ವ್ಯಾಸ 90. ಜಾಮಿಟ್ರಿ ಬಾಕ್ಸಿನ ಕೈವಾರವೇ ಸಾಕು.