ಭೀಮನಕೊಳ್ಳಕ್ಕೆ ಕಾಲು ಉಳಿಸಿಕೊಳ್ಳುವುದು

ಬಾಗಲಕೋಟೆ, ವಿಜಯಪುರದ ಕಡೆಯಿಂದ ಯುಗಾದಿಗೆ ಶ್ರೀಶೈಲಕ್ಕೆ ನಡೆಯುವವರಿಗೆ ಬಹುಪಾಲು ದಾರಿ ಡಾಂಬರು ರಸ್ತೆಯೇ. ಆತ್ಮಕೂರು ದಾಟಿ, ವೆಂಕಟಾಪುರದ ಬಳಿ ನಲ್ಲಮಲ ಕಾಡು ಹೊಕ್ಕ ಮೇಲೆ ನಡಿಗೆಯ ಲೆಕ್ಕ ಬದಲಾಗುತ್ತದೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಪೆಚ್ಚೆರುವಿನಲ್ಲಿ ರಾತ್ರಿ ಕಳೆದು, ಮರುದಿನ ಮಲ್ಲಯ್ಯನನ್ನು, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನನ್ನು, ಸೇರುವ ದಿನವನ್ನು ನಾನು ಹೇಗೆ ನಡೆಯುತ್ತೇನೆ ಎಂಬುದಷ್ಟೇ ಈ ಬರಹ.

ಆ ದಿನದ ತಯಾರಿ ಹಿಂದಿನ ರಾತ್ರಿಯದು. ಉಂಡ ಕೂಡಲೇ ಮಲಗುವುದಿಲ್ಲ. ಪಾದ ತೊಳೆದು, ಬೆರಳ ಸಂದಿಯ ಮಣ್ಣು ತೆಗೆದು, ಚೆನ್ನಾಗಿ ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಗುಳ್ಳೆ ಎದ್ದಿದ್ದರೆ ಅದರ ಮೇಲಿನ ಚರ್ಮವನ್ನು ಕೀಳುವುದಿಲ್ಲ. ಸೂಜಿಯಿಂದ ದಾರ ಪೋಣಿಸಿ ನೀರು ಇಳಿಸುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರ ಪ್ರೀತಿಗೆ ಶರಣು, ಸೂಜಿಗಲ್ಲ. ದಾರಿಯ ಧೂಳು ಆ ದಾರದ ಗುಂಟ ಒಳಗಿಳಿದರೆ ಮುಂದೆ ಕೀವು.

ನಸುಕಿನಲ್ಲೇ ಹೊರಡುತ್ತೇವೆ. ಇದು ಹುಲಿ ಸಂರಕ್ಷಿತ ಅರಣ್ಯ. ಗುಂಪು ಬಿಟ್ಟು ಒಬ್ಬರೇ ಮುಂದೆ ಹೋಗುವ ಉತ್ಸಾಹ ಬೇಡ. ಎಲ್ಲರಿಗಿಂತ ಮುಂದೆ ಕಂಬಿ, ಅಂದರೆ ಮಲ್ಲಯ್ಯನ ಕಾವಡಿ, ಹೊತ್ತವರು. ಕಂಬಿಯ ಹೆಜ್ಜೆಗೆ ಹೆಜ್ಜೆ ಕೂಡಿಸಲು ಹೋಗಿ ಏದುಸಿರು ಬಿಟ್ಟವರನ್ನು ನೋಡಿದ್ದೇನೆ. ನನ್ನ ಅಳತೆ ಬೇರೆ: ಪಕ್ಕದವರ ಜೊತೆ ಮಾತಾಡುತ್ತಾ ನಡೆಯಲು ಉಸಿರು ಸಾಲಬೇಕು. ಸಾಲದಿದ್ದರೆ ನಿಧಾನಿಸುತ್ತೇನೆ. ಬೆಳಗಿನ ತಂಪಿನಲ್ಲಿ ಓಡಬೇಕೆನ್ನಿಸುತ್ತದೆ, ಆದರೆ ಕಾಲಿಗೆ ನಿಜವಾದ ಕೆಲಸ ಬೀಳುವುದು, ಮೆಟ್ಟಿಲಿಳಿದು ಮತ್ತೆ ಏರಬೇಕಾದ ಆಳದ ಕಣಿವೆ ಭೀಮನಕೊಳ್ಳದಲ್ಲಿ.

ಅದಕ್ಕೂ ಮೊದಲು ದಾಸೋಹಗಳನ್ನು ದಾಟಬೇಕು. ನಮ್ಮ ಕಡೆಯ ಭಕ್ತರು ದಾರಿಯುದ್ದಕ್ಕೂ ಪೆಂಡಾಲು ಹಾಕಿಕೊಂಡು, ಪಾದಯಾತ್ರಿಗಳ ಕೈ ಹಿಡಿದು ಕರೆಯುತ್ತಾರೆ. "ಒಂದು ರೊಟ್ಟಿ ಮುರಿದು ಹೋಗಿರಿ ಯಪ್ಪಾ" ಎಂದರೆ ಒಲ್ಲೆ ಎನ್ನುವುದು ಹೇಗೆ? ರೊಟ್ಟಿಯನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು, ಉಪ್ಪು ಹಾಕಿದ ಮಜ್ಜಿಗೆ ಮಾತ್ರ ಅಲ್ಲೇ ಕುಡಿಯುತ್ತೇನೆ. ಹೊಟ್ಟೆ ತುಂಬಾ ಉಂಡು ಇಳಿಜಾರಿಗೆ ಬಿದ್ದರೆ ಮೈ ಮಾತು ಕೇಳುವುದಿಲ್ಲ. ನೀರನ್ನೂ ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯುತ್ತೇನೆ. ಪ್ಲಾಸ್ಟಿಕ್ ಬಾಟಲಿ ಬಿಟ್ಟು ಸ್ಟೀಲಿನದು ಒಯ್ಯುತ್ತೇನೆ. ದಾರಿಬದಿಯಲ್ಲಿ ರಾಶಿ ಬಿದ್ದ ಖಾಲಿ ಬಾಟಲಿಗಳನ್ನು ಕಂಡರೆ ನಮ್ಮ ಭಕ್ತಿಯ ಮೇಲೆಯೇ ಸಿಟ್ಟು ಬರುತ್ತದೆ.

ಭೀಮನಕೊಳ್ಳದ ಬಗ್ಗೆ ಹೊಸಬರು ಹೆದರುವುದು ಏರಿಗೆ. ನನ್ನ ಪ್ರಕಾರ ಇಳಿಯುವುದೇ ಕಠಿಣ. ಕಲ್ಲಿನ ಮೆಟ್ಟಿಲುಗಳು ಒಂದರಂತೆ ಒಂದಿಲ್ಲ. ಒಂದು ಗೇಣೆತ್ತರವಿದ್ದರೆ ಮುಂದಿನದು ಮೊಣಕಾಲಿಗೆ ಬರುತ್ತದೆ. ಕೆಲವು ಕಲ್ಲುಗಳು ಸವೆದು ಸವೆದು ಕನ್ನಡಿಯಂತೆ ನುಣುಪಾಗಿವೆ. ಪ್ರತಿ ಹೆಜ್ಜೆಗೂ ಇಡೀ ಮೈಭಾರ ಮುಂಗಾಲಿನ ಮೊಣಕಾಲ ಮೇಲೆ ಬೀಳುತ್ತದೆ. ಅದಕ್ಕೇ ಇಲ್ಲಿ ನಾನು ನೇರವಾಗಿ ಇಳಿಯುವುದಿಲ್ಲ. ಮೈಯನ್ನು ಸ್ವಲ್ಪ ಓರೆ ಮಾಡಿ, ಮೊದಲು ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ಪಾದ ಇಡುತ್ತೇನೆ. ಹತ್ತಿಪ್ಪತ್ತು ಮೆಟ್ಟಿಲಿಗೊಮ್ಮೆ ಓರೆಯನ್ನು ಬದಲಿಸುತ್ತೇನೆ. ಉಗುರು ಚಪ್ಪಲಿಗೆ ತಾಗದಂತೆ ಪಟ್ಟಿಯನ್ನು ಬಿಗಿ ಮಾಡಿಕೊಂಡಿರುತ್ತೇನೆ. ಬರಿಗಾಲ ಹರಕೆಯವರು ನನಗಿಂತ ಸಲೀಸಾಗಿ ಇಳಿಯುವುದನ್ನು ಕಂಡು ಹೊಟ್ಟೆಕಿಚ್ಚೂ ಆಗಿದೆ.

ಕೊಳ್ಳದ ತಳದಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ. ಕಾಲು ತಣ್ಣಗಾದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮುಖಕ್ಕೆ ನೀರು ಹಾಕಿಕೊಂಡು, ಕಟ್ಟಿಕೊಂಡ ರೊಟ್ಟಿಯಲ್ಲಿ ಅರ್ಧ ತಿಂದು ಏಳುತ್ತೇನೆ. ಏರುವಾಗ ಬಾಯಿ ಮುಚ್ಚಿ ಸಣ್ಣ ಹೆಜ್ಜೆ. ಉಸಿರು ಕಟ್ಟಿದರೆ ನಿಂತಲ್ಲೇ ನಿಲ್ಲುತ್ತೇನೆ. "ಉಘೇ ಮಲ್ಲಯ್ಯ" ಎಂಬ ಕೂಗು ಕೆಳಗಿನಿಂದ ಮೇಲಿನವರೆಗೆ ಹಾಯುವಾಗ ಕಾಲಿಗೆ ಎಲ್ಲಿಂದಲೋ ಕಸುವು ಬರುತ್ತದೆ. 14ನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮ ಶ್ರೀಶೈಲದಲ್ಲಿ ಮೆಟ್ಟಿಲು ಕಟ್ಟಿಸಿದವನೆಂದು ಹೆಸರಾದವನು. ಈ ಏರಿನಲ್ಲಿ ಅಂಥವರೆಲ್ಲ ನೆನಪಾಗುತ್ತಾರೆ.

ಏರು ಮುಗಿಯುವಲ್ಲಿರುವ ಕೈಲಾಸದ್ವಾರ ದಾಟಿದರೆ ಉಳಿದದ್ದು ಸುಲಭ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎಂದು ಕನ್ನಡದ ಭಕ್ತರು ಸೀರೆ, ಅರಿಶಿನ, ಕುಂಕುಮ ಒಯ್ಯುತ್ತಾರೆ. ನಲ್ಲಮಲದ ಚೆಂಚು ಜನರೂ ಅವನನ್ನು ತಮ್ಮ ಅಳಿಯನೆಂದೇ ಹೇಳಿಕೊಳ್ಳುತ್ತಾರೆ. ಎರಡು ಕಡೆಯ ಬೀಗರನ್ನು ಅವನು ಹೇಗೆ ಸಂಭಾಳಿಸುತ್ತಾನೋ!

ಊರು ಮುಟ್ಟಿದ ಕೂಡಲೇ ದರ್ಶನದ ಸಾಲಿಗೆ ನಾನು ನುಗ್ಗುವುದಿಲ್ಲ. ಯುಗಾದಿಯ ಸಾಲು ಗಂಟೆಗಟ್ಟಲೆ ನಿಲ್ಲಿಸುತ್ತದೆ. ನಡೆದು ಬಂದ ಕಾಲಿಗೆ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ಗೋಡೆಗೆ ಕಾಲು ಎತ್ತಿ ಅರ್ಧ ಗಂಟೆ ಮಲಗಿ, ಸ್ನಾನ ಮಾಡಿ, ಉಳಿದರ್ಧ ರೊಟ್ಟಿ ತಿಂದು ಆಮೇಲೆ ಸಾಲು ಸೇರುತ್ತೇನೆ.